ಸ್ವಖುಷಿಯ ರಾಜೀನಾಮೆ

ಬಾಡಿಗೆಯ ಮನೆಯಲ್ಲಿ ವಾಸಮಾಡುವವರಿಗೆ ಗೊತ್ತು, ಕರಾರಿನ ಅವಧಿ ಮುಗಿಯುವ ಮೊದಲೇ ಮನೆ ಬಿಡುತ್ತೇವೆಂದು ಹೇಳಹೋದರೆ ಯಜಮಾನರ ಮುಖ ಹೇಗಾಗುತ್ತದೆಂದು. ಮುಂಗಡದಲ್ಲಿ ಒಂದು ತಿಂಗಳಿನದು ಮುರಿದುಕೊಳ್ಳುತ್ತಾರೆ. ಸುಣ್ಣ ಬಣ್ಣದ ಖರ್ಚು ಹೇಳುತ್ತಾರೆ. 'ಇನ್ನೊಬ್ಬರನ್ನು ನೀವೇ ನೋಡಿಕೊಟ್ಟು ಹೋಗಿ' ಎನ್ನುವವರೂ ಉಂಟು. ತಿಂಗಳ ಬಾಡಿಗೆಯ ಮನೆಯಾದರೆ ಯಾವ ಪಕ್ಷದವರೇ ಆಗಲಿ ಹದಿನೈದು ದಿನಗಳ ನೋಟೀಸು ಕೊಟ್ಟರೆ ಸಾಕೆಂದು 1882ರ ಸ್ವತ್ತು ವರ್ಗಾವಣೆಯ ಕಾಯದೆ ಹೇಳುತ್ತದೆ. ಆದರೂ ಬಾಡಿಗೆದಾರನು ನಡುವೆಯೇ ಎದ್ದುಹೋಗುವುದು ಮಾಲಿಕನಿಗೆ ನಷ್ಟದ ಮಾತು ಎಂಬುದನ್ನು ನಾವೆಲ್ಲ ಒಪ್ಪಿಕೊಂಡೇ ಇದ್ದೇವೆ.

ಬೀದರ ನಗರದ ಕೋಟೆಯ ಬಾಗಿಲು ದಾಟಿ ಭಾಲ್ಕಿಯ ಕಡೆಗೋ ಔರಾದದ ಕಡೆಗೋ ಹೊರಟು ಅಲ್ಲಿಯ ಹೊಲಗಳ ಚರಿತ್ರೆಯನ್ನು ಕೇಳಿನೋಡಿ. ಅಲ್ಲಿ ಮಾತು ತಿರುವುಮುರುವಾಗಿ ಕಾಣುತ್ತದೆ. ಗೇಣಿದಾರನು ಅವಧಿಗೆ ಮೊದಲೇ ಹೊಲ ಬಿಟ್ಟರೆ ಸಾಕೆಂದು ಮಾಲಿಕನು ಕಾದು ಕುಳಿತದ್ದೂ, ಬಿಡುವ ಕಾಗದವನ್ನು ತಾನೇ ಬರೆಯಿಸಿ ಹೆಬ್ಬೆಟ್ಟಿನ ಗುರುತಿಗಾಗಿ ಮಸಿಯ ಡಬ್ಬಿಯನ್ನು ಮುಂದೆ ಹಿಡಿದದ್ದೂ ಈ ಸೀಮೆಯ ಹತ್ತಿರದ ಇತಿಹಾಸ. ಆ ಕಾಗದಕ್ಕೆ ರಾಜೀನಾಮೆ ಎಂದು ಹೆಸರು.

ಈ ಶಬ್ದವನ್ನು ನಾವು ಈಗ ಮಂತ್ರಿಗಳು, ಗುಮಾಸ್ತರು ಹುದ್ದೆ ಬಿಡುವುದಕ್ಕೆ ಬಳಸುತ್ತೇವೆ. ಮೂಲದಲ್ಲಿ ಅದು ಮಣ್ಣಿಗೆ ಸಂಬಂಧಿಸಿದ ಶಬ್ದ. 'ರಾಜಿ' ಎಂದರೆ ಒಪ್ಪಿಗೆಯುಳ್ಳ, ಸಂತುಷ್ಟನಾದ. 'ನಾಮಾ' ಎಂದರೆ ಬರಹ. ಒಪ್ಪಿ ಬರೆದುಕೊಟ್ಟದ್ದು ಎಂದಷ್ಟೆ ಅರ್ಥ. ರಯತವಾರಿ ಪದ್ಧತಿಯಲ್ಲಿ ರೈತನು ತನ್ನ ಸರ್ವೆ ನಂಬರನ್ನು ಮುಂದಿನ ವರ್ಷ ಸಾಗುಮಾಡಲು ಆಗದೆಂದರೆ ರಾಜೀನಾಮೆ ಬರೆದುಕೊಟ್ಟು ಕಂದಾಯದ ಹೊರೆಯಿಂದ ಬಿಡುಗಡೆ ಹೊಂದುತ್ತಿದ್ದನು. ಅದನ್ನು ವಹಿಸಿಕೊಳ್ಳುವವನು ಕಬೂಲಾಯತು ಬರೆದುಕೊಡುತ್ತಿದ್ದನು. ಮುಂಬಯಿ ಕರ್ನಾಟಕದಲ್ಲಿಯೂ ಹೈದರಾಬಾದು ಸಂಸ್ಥಾನದಲ್ಲಿಯೂ ಎಷ್ಟೋ ಹೊಲಗಳು ಈ ಜೋಡಿ ಕಾಗದಗಳಿಂದಲೇ ಕೈ ಬದಲಾಯಿಸಿವೆ. ಹಾಗೆ ನೋಡಿದರೆ ರಾಜೀನಾಮೆ ರೈತನಿಗೆ ಇದ್ದ ಒಂದು ಸ್ವಾತಂತ್ರ್ಯ, ಹೊರಲಾರದ ಹೊರೆಯನ್ನು ಇಳಿಸುವ ಸ್ವಾತಂತ್ರ್ಯ. ಅದೇ ಕಾಗದ ಅವನ ಕೊರಳಿಗೆ ಉರುಲಾದ ಬಗೆಯನ್ನು ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಒಂದು ಕಾಲಕ್ಕೆ ದಖ್ಖನದಲ್ಲಿ ನೆಲ ಹೆಚ್ಚು, ಕೈಗಳು ಕಡಿಮೆ. ಬೀದರನ್ನು ರಾಜಧಾನಿಯಾಗಿ ಮಾಡಿಕೊಂಡ ಬಹಮನಿ ಸುಲ್ತಾನರ ಮಂತ್ರಿ ಮಹಮೂದ ಗವಾನನು ಹಳ್ಳಿಗಳ ನೆಲವನ್ನು ಅಳೆಯಿಸಿ ಕಂದಾಯ ಗೊತ್ತುಮಾಡಲು ಯತ್ನಿಸಿದನೆಂದು ನಾವು ಓದುತ್ತೇವೆ. ಅವನ ಮದರಸಾ ಇಂದಿಗೂ ನಗರದ ನಡುವೆ ನಿಂತಿದೆ. ಅಳೆದ ನೆಲವನ್ನು ಉಳುವವರು ಮಾತ್ರ ನಿಂತಲ್ಲಿ ನಿಲ್ಲುವವರಾಗಿರಲಿಲ್ಲ. ಬರ ಬಂದರೆ, ದಂಡು ಬಂದರೆ, ಅಧಿಕಾರಿಯ ಕಾಟ ಹೆಚ್ಚಾದರೆ ಊರಿಗೆ ಊರೇ ಗಂಟುಮೂಟೆ ಕಟ್ಟಿ ಪಕ್ಕದ ಜಾಗೀರಿಗೆ ಹೋಗುತ್ತಿತ್ತು. ಅವರನ್ನು ಮರಳಿ ಕರೆತರಲು ಕೌಲು ಕೊಡುತ್ತಿದ್ದರು. ಮೊದಲ ವರ್ಷ ಹೆಸರಿಗಷ್ಟೆ ಕಂದಾಯ, ಎರಡನೆಯ ವರ್ಷ ಸ್ವಲ್ಪ ಹೆಚ್ಚು, ಹೀಗೆ ಏರುತ್ತ ಹೋಗಿ ಕೆಲವು ವರ್ಷಗಳ ಮೇಲೆ ಪೂರ್ತಿ ದರ. ಉಳುವವನು ಎದ್ದುಹೋದಾನೆಂಬ ಭಯ ಆಗ ಜಾಗೀರದಾರನಿಗೆ. ಇಂದಿನ ಮನೆಯ ಮಾಲಿಕರ ಭಯದಂಥದೇ ಎನ್ನಿ.

ಈ ಸೀಮೆಯ ಹಂಚಿಕೆಯೂ ವಿಚಿತ್ರವಾಗಿತ್ತು. ನಿಜಾಮರ ಆಳಿಕೆಯಲ್ಲಿ ಸರಕಾರ ನೇರವಾಗಿ ಕಂದಾಯ ಎತ್ತುತ್ತಿದ್ದ ದಿವಾನಿ ಹಳ್ಳಿಗಳು ಕೆಲವು. ಪಾಯಗಾ ಅಮೀರರ ಹಳ್ಳಿಗಳು ಹಲವು. ಭಾಲ್ಕಿ ಪಾಯಗಾ ಸೀಮೆ. ಕಲ್ಯಾಣಿ ನವಾಬರ ಜಾಗೀರು ಬೇರೆ. ಒಂದು ಹಳ್ಳ ದಾಟಿದರೆ ದಣಿ ಬದಲಾಗುತ್ತಿದ್ದನು, ಕಾರಕೂನ ಬದಲಾಗುತ್ತಿದ್ದನು, ವಸೂಲಿಯ ರೀತಿಯೂ ಬದಲಾಗುತ್ತಿತ್ತು. ಬೀದರ ನಗರದ ಸುತ್ತ ಜಂಬಿಟ್ಟಿಗೆಯ ಕೆಂಪು ನೆಲ, ಭಾಲ್ಕಿ ಔರಾದಗಳಲ್ಲಿ ಮಾಂಜ್ರಾ ಕಾರಂಜಾ ನದಿಗಳ ಆಸುಪಾಸಿನ ಕರಿ ಎರೆ. ಎರೆಯ ಹೊಲ ಮಳೆ ಹಿಡಿದರೆ ಜೋಳ, ತೊಗರಿ, ಕಡಲೆ, ಉದ್ದು, ಹೆಸರು ಎಲ್ಲವನ್ನೂ ಕೊಡುತ್ತದೆ. ಮಳೆ ತಪ್ಪಿದರೆ ಬಿರುಕುಬಿಟ್ಟು ಬಾಯಿ ತೆರೆದು ಮಲಗುತ್ತದೆ. 1876-78ರ ಬರ, ಮತ್ತೆ 1899-1900ರ ಬರ ಈ ನಾಡನ್ನು ಹಿಂಡಿದವು. 1891ರಲ್ಲಿ 1 ಕೋಟಿ 15 ಲಕ್ಷವಿದ್ದ ಸಂಸ್ಥಾನದ ಜನಸಂಖ್ಯೆ 1901ಕ್ಕೆ 1 ಕೋಟಿ 11 ಲಕ್ಷಕ್ಕೆ ಇಳಿಯಿತು.

ಆಮೇಲಿನ ಐವತ್ತು ವರ್ಷಗಳಲ್ಲಿ ತಕ್ಕಡಿ ಇನ್ನೊಂದು ಕಡೆಗೆ ವಾಲಿತು. ಜನ ಹೆಚ್ಚಿದರು, ಬಂಜರು ಮುಗಿಯಿತು, ಸಾಲಕ್ಕಾಗಿ ಹೊಲಗಳು ಸಾಹುಕಾರರ ಕೈಸೇರಿದವು. ಉಳುವವನು ಹೋದರೆ ಇನ್ನೊಬ್ಬನು ಬಾಗಿಲಲ್ಲೇ ನಿಂತಿದ್ದನು. ಪಟ್ಟೇದಾರನ ಹೆಸರು ಸರಕಾರದ ದಫ್ತರದಲ್ಲಿ. ಅವನ ಕೆಳಗೆ ಉಳುವವನು ಶಿಕ್ಮೀದಾರನೆಂದೋ, ಅದೂ ಇಲ್ಲದೆ ಬರಿಯ ಬಟಾಯಿಯವನೆಂದೋ ಕರೆಸಿಕೊಂಡನು. ಒಪ್ಪಂದವೆಲ್ಲ ಬಾಯಿಮಾತು, ಯುಗಾದಿಯಿಂದ ಯುಗಾದಿಗೆ. ರಾಶಿಯ ದಿನ ಕಣದಲ್ಲಿ ಮಾಲಿಕನ ಮನುಷ್ಯ ಬಂದು ಕೂಡುವನು; ಪಾಲು ಅಳೆಯುವ ಮೊದಲೇ ಬೀಜಕ್ಕೆ ಕೊಟ್ಟ ಕಾಳು ಬಡ್ಡಿಸಮೇತ ಹೊರಬರುವುದು. ಇಂಥ ಗೇಣಿದಾರನು ನಡುವರ್ಷದಲ್ಲಿ ಹೊಲ ಬಿಟ್ಟರೆ ಮಾಲಿಕನಿಗೆ ಕಷ್ಟವೇನೂ ಇಲ್ಲ. ನಿಂತ ಬೆಳೆ ಅವನದೇ, ಹಾಕಿದ ಗೊಬ್ಬರ ಅವನದೇ, ಕಟ್ಟಿದ ಒಡ್ಡು ಅವನದೇ. ಹೋದವನ ಬಾಕಿ ಮಾತ್ರ ಬಾಕಿಯಾಗಿ ನಿಲ್ಲುತ್ತಿತ್ತು.

ಇದಕ್ಕೆ ಕಡಿವಾಣ ಹಾಕುವ ಪ್ರಯತ್ನ ನಿಜಾಮರ ಕಾಲದ ಕೊನೆಯಲ್ಲಿಯೇ ಆರಂಭವಾಗಿತ್ತು. 1354 ಫಸಲಿಯ ಆಸಾಮಿ ಶಿಕ್ಮಿ ಕಾನೂನು ಬಂದುದು 1945ರ ಸುಮಾರಿನಲ್ಲಿ. ಅದು ಹಳ್ಳಿಗಳಲ್ಲಿ ಬೇರೂರುವ ಮೊದಲೇ ಕಾಲ ಕೆಟ್ಟಿತು. 1948ರ ಸೆಪ್ಟೆಂಬರಿನ ಪೊಲೀಸು ಕಾರ್ಯಾಚರಣೆಗೆ ಮೊದಲು ರಜಾಕಾರರ ಹಾವಳಿ. ಆಮೇಲೆ ಪ್ರತೀಕಾರದ ಹಾವಳಿ. ಭಾರತ ಸರಕಾರದ ಪರವಾಗಿ ಬಂದ ಪಂಡಿತ ಸುಂದರಲಾಲರ ಸಮಿತಿ, ಹೆಚ್ಚು ನೊಂದ ನಾಲ್ಕು ಜಿಲ್ಲೆಗಳಲ್ಲಿ ಬೀದರನ್ನೂ ಎಣಿಸಿತು; ಮನೆ ಹೊಲಗಳನ್ನು ಬಲಾತ್ಕಾರವಾಗಿ ಕಸಿದುಕೊಂಡ ಸಂಗತಿಯನ್ನೂ ಬರೆಯಿತು. ಆ ತಿಂಗಳುಗಳಲ್ಲಿ ಎರಡೂ ಮತಗಳ ಎಷ್ಟೋ ಕುಟುಂಬಗಳು ಹೊಲ ಬಿಟ್ಟು ಓಡಿದವು. ಅದನ್ನು ಯಾರೂ ರಾಜೀನಾಮೆ ಎನ್ನಲಾರರು.

1949ರ ಆಗಸ್ಟ್ 15ರಂದು ಜಾಗೀರುಗಳು ರದ್ದಾದವು. ಸಂಸ್ಥಾನದ ಆರು ಸಾವಿರಕ್ಕೂ ಹೆಚ್ಚು ಹಳ್ಳಿಗಳು ಜಾಗೀರದಾರರ ಕೈಯಿಂದ ಸರಕಾರದ ಕೈಗೆ ಬಂದವು. ಮರುವರ್ಷ, 1950ರ ಜೂನ್ 10ರಂದು, ಹೈದರಾಬಾದು ಗೇಣಿ ಮತ್ತು ಸಾಗುವಳಿ ಜಮೀನುಗಳ ಕಾಯದೆ ಜಾರಿಗೆ ಬಂದಿತು. ಆರು ವರ್ಷ ಎಡೆಬಿಡದೆ ಉತ್ತವನನ್ನು ಅದು 'ರಕ್ಷಿತ ಗೇಣಿದಾರ'ನೆಂದು ಗುರುತಿಸಿತು. ಅಂಥವನಿಗೆ ಆ ಹೊಲವನ್ನು ಕೊಳ್ಳುವ ಹಕ್ಕನ್ನೂ ಕೊಟ್ಟಿತು. ಮಾಲಿಕನು ಅವನನ್ನು ಬಿಡಿಸಬೇಕೆಂದರೆ ಕಾರಣ ತೋರಿಸಬೇಕು: ಗೇಣಿ ಕೊಡದೆ ಉಳಿದದ್ದು, ನೆಲ ಕೆಡಿಸಿದ್ದು, ಒಳಗೇಣಿಗೆ ಕೊಟ್ಟದ್ದು, ಇಂಥವು. ಸ್ವಂತ ಸಾಗುವಳಿಗೆಂದು ಕೇಳಿದರೆ ಅದಕ್ಕೂ ಅಳತೆಯ ಮಿತಿ. ಅಷ್ಟೇ ಅಲ್ಲ, ತಹಸೀಲದಾರರ ಹುಕುಮಿಲ್ಲದೆ ಮಾಲಿಕನು ಗೇಣಿದಾರನ ಹೊಲದೊಳಗೆ ಕಾಲಿಡಕೂಡದು.

ನಮ್ಮ ವಿಷಯಕ್ಕೆ ಬೇಕಾದುದು ಅದರ ಹತ್ತೊಂಬತ್ತನೆಯ ಕಲಮು. ಗೇಣಿದಾರನು ತಾನಾಗಿ ಬಿಡುವುದಾದರೆ ಹೇಗೆ ಬಿಡಬೇಕೆಂಬುದನ್ನು ಅದು ಬಹಳ ಎಚ್ಚರದಿಂದ ಹೇಳಿತು. ವರ್ಷ ತೊಡಗುವುದಕ್ಕೆ ಕನಿಷ್ಠ ಒಂದು ತಿಂಗಳು ಮೊದಲು ಬಿಡಬೇಕು, ಬರಹದಲ್ಲಿರಬೇಕು, ಅದು ತನ್ನದೇ ಬರಹವೆಂದು ತಹಸೀಲದಾರರ ಎದುರಿಗೆ ಗೇಣಿದಾರನೇ ಒಪ್ಪಬೇಕು, ಅದರಲ್ಲಿ ಕಪಟವಿಲ್ಲವೆಂದು ತಹಸೀಲದಾರರಿಗೆ ಮನವರಿಕೆಯಾಗಬೇಕು. ಅವಿಭಕ್ತ ಕುಟುಂಬ ಕೂಡಿ ಉಳುತ್ತಿದ್ದರೆ ಎಲ್ಲರೂ ಒಪ್ಪಿದ ಹೊರತು ರಾಜೀನಾಮೆ ನಡೆಯದು. ಅಣ್ಣನೊಬ್ಬನನ್ನು ಸಂತೆಯಲ್ಲಿ ಹಿಡಿದು ಹೆಬ್ಬೆಟ್ಟು ಒತ್ತಿಸಿಕೊಂಡರೆ ತಮ್ಮಂದಿರ ಹಕ್ಕು ಹೋಗದಿರಲೆಂದು ಈ ಕೊನೆಯ ಮಾತು. ಕಾನೂನು ಬರೆದವರಿಗೆ ಹಳ್ಳಿಯ ಸಂತೆ ಗೊತ್ತಿತ್ತೆಂದು ಇದನ್ನು ಓದಿದಾಗಲೆಲ್ಲ ನನಗೆ ಅನ್ನಿಸುತ್ತದೆ.

ಇಷ್ಟು ಬೇಲಿ ಕಟ್ಟಿದ ಮೇಲೂ ಬೇಲಿಯಲ್ಲಿ ಒಂದು ಕಂಡಿ ಉಳಿಯಿತು. ಮಾಲಿಕನು ಬಿಡಿಸಿದರೆ ಕಾರಣ ಬೇಕು, ನೋಟೀಸು ಬೇಕು, ಮಿತಿ ಉಂಟು. ಗೇಣಿದಾರನೇ ಬಿಟ್ಟರೆ ಕಾರಣ ಹೇಳುವ ಪ್ರಸಂಗವಿಲ್ಲ. ಹಾಗಾದರೆ ಬುದ್ಧಿವಂತನಾದ ಮಾಲಿಕನು ಏನು ಮಾಡುತ್ತಾನೆ? ಔರಾದ ತಾಲ್ಲೂಕಿನ ಯಾವುದಾದರೊಂದು ಹಳ್ಳಿಯನ್ನು ಮನಸ್ಸಿನಲ್ಲಿ ತಂದುಕೊಳ್ಳಿ. ಹೊಲದ ಒಡೆಯನೇ ಮಾಲಿ ಪಾಟೀಲ, ಇಲ್ಲವೆ ಪಾಟೀಲನ ಬೀಗ. ಪಹಣಿ ಬರೆಯುವ ಪಟವಾರಿ ಅವನ ಪಡಸಾಲೆಯಲ್ಲಿ ಊಟಮಾಡುವವನು. ಗೇಣಿದಾರನು ಮಗಳ ಮದುವೆಗೆ ಸಾಲ ತಂದದ್ದು ಅದೇ ಮನೆಯಿಂದ. ಮುಂಗಾರಿಗೆ ಬೀಜ ತರಬೇಕಾದದ್ದೂ ಅಲ್ಲಿಂದಲೇ. ಇಂಥವನನ್ನು ಕರೆದು, 'ಕಾನೂನು ಬಂದಿದೆ, ನಮಗೂ ನಿನಗೂ ತಹಸೀಲಿನ ತಂಟೆ ಬೇಡ. ಈ ಕಾಗದಕ್ಕೊಂದು ಗುರುತು ಹಾಕು, ಹೊಲ ನೀನೇ ಉಳು, ಮೊದಲಿನ ಹಾಗೆ ಬಟಾಯಿಗೆ' ಎಂದರೆ ಅವನು ಇಲ್ಲವೆನ್ನುವುದು ಸುಲಭವೆ? ನಾಳೆಯೂ ಅದೇ ಹೊಲದಲ್ಲಿ ಅದೇ ಎತ್ತು ಹೂಡುವುದರಿಂದ ತಾನು ಕಳೆದುಕೊಂಡದ್ದೇನೆಂಬುದು ಅವನಿಗೆ ಕಾಣುವುದೂ ಇಲ್ಲ. ಕಾಣುವುದು ಎರಡು ಮೂರು ವರ್ಷಗಳ ಮೇಲೆ, ಯುಗಾದಿಯ ಮರುದಿನ ಆ ಹೊಲದಲ್ಲಿ ಬೇರೊಬ್ಬರ ನೇಗಿಲು ನಡೆದಾಗ.

ಆ ಕಾಗದ ಇದ್ದ ಭಾಷೆ ಯಾವುದು? 1884ರಿಂದ ಸಂಸ್ಥಾನದ ಕಚೇರಿಗಳ ಭಾಷೆ ಉರ್ದು. ಹಳ್ಳಿಯವನ ಮನೆಮಾತು ಕನ್ನಡ. ಭಾಲ್ಕಿ ಔರಾದಗಳಲ್ಲಿ ಅನೇಕರಿಗೆ ಮರಾಠಿ. ಕನ್ನಡ ಶಾಲೆ ನಡೆಸುವುದಕ್ಕೇ ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಕನ್ನಡ ಕಲಿಸಬೇಕಾಯಿತೆಂಬ ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರ ಕಥೆಯನ್ನು ನೀವು ಕೇಳಿಯೇ ಇದ್ದೀರಿ. 1951ರ ಜನಗಣತಿಯಲ್ಲಿ ಹೈದರಾಬಾದು ಸಂಸ್ಥಾನದ ನೂರು ಜನರಲ್ಲಿ ಹತ್ತು ಜನರಿಗೂ ಓದುಬರಹ ಬರುತ್ತಿರಲಿಲ್ಲ. 'ನಾನು ನನ್ನ ಸ್ವಖುಷಿಯಿಂದ, ಯಾರ ಒತ್ತಾಯವೂ ಇಲ್ಲದೆ' ಎಂಬ ಅರ್ಥದ ಒಕ್ಕಣೆಯ ಕೆಳಗೆ ಗುರುತು ಹಾಕಿದವನಿಗೆ ಆ ಒಕ್ಕಣೆಯನ್ನು ಓದಿ ಹೇಳಿದವನು ಯಾರೆಂಬುದನ್ನು ಯೋಚಿಸಿನೋಡಿ.

ಇದು ಬರಿಯ ಊಹೆಯಲ್ಲ, ಲೆಕ್ಕವೂ ಉಂಟು. ಉಸ್ಮಾನಿಯಾ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞ ಎ. ಎಂ. ಖುಸ್ರೊ ಅವರು ಸಂಸ್ಥಾನದ ಹಳ್ಳಿಗಳಲ್ಲಿ ತನಿಖೆ ಮಾಡಿಸಿ 1958ರಲ್ಲಿ ಒಂದು ಪುಸ್ತಕ ಪ್ರಕಟಿಸಿದರು. 1951ರಲ್ಲಿ ರಕ್ಷಿತ ಗೇಣಿದಾರರಾದ ನೂರು ಜನರನ್ನು ತೆಗೆದುಕೊಂಡರೆ, ಸುಮಾರು ನಾಲ್ಕು ವರ್ಷಗಳ ತರುವಾಯ ಹಾಗೆಯೇ ಉಳಿದವರು 45.4. ಹೊಲ ಕೊಂಡು ಒಡೆಯರಾದವರು 12.4. ಕಾನೂನುಬದ್ಧವಾಗಿ ಬಿಡಿಸಲ್ಪಟ್ಟವರು ಕೇವಲ 2.6. ಕಾನೂನಿಗೆ ವಿರುದ್ಧವಾಗಿ ಹೊರದೂಡಲ್ಪಟ್ಟವರು 22.1. 'ಸ್ವಖುಷಿಯಿಂದ' ಬಿಟ್ಟುಕೊಟ್ಟವರು 17.5. ಇದು ಇಡೀ ಸಂಸ್ಥಾನದ ಲೆಕ್ಕ, ಬೀದರ ಅದರೊಳಗಿನ ಒಂದು ಜಿಲ್ಲೆ. ಕಾನೂನಿನ ದಾರಿಯಲ್ಲಿ ಹೊಲ ಪಡೆದ ಒಬ್ಬ ಮಾಲಿಕನಿಗೆ ರಾಜೀನಾಮೆಯ ದಾರಿಯಲ್ಲಿ ಪಡೆದವರು ಆರೇಳು ಜನ! ರಕ್ಷಣೆಯ ಪತ್ರ ಕೈಗೆ ಬಂದ ನಾಲ್ಕೇ ವರ್ಷಗಳಲ್ಲಿ, ಕೊಳ್ಳುವ ಹಕ್ಕೂ ಇದ್ದಾಗ, ಆರು ಜನರಲ್ಲಿ ಒಬ್ಬನಿಗೆ ಹೊಲ ಒಮ್ಮೆಲೇ ಬೇಸರವಾಯಿತೆಂದು ನಂಬುವುದು ಕಷ್ಟ. ಯೋಜನಾ ಆಯೋಗವೂ ನಂಬಲಿಲ್ಲ. ದೇಶದಲ್ಲೆಲ್ಲ ನಡೆದ ಇಂಥ ರಾಜೀನಾಮೆಗಳಲ್ಲಿ ಬಹುಪಾಲು ನಿಜವಾದವೆಂಬುದು ಸಂಶಯವೆಂದು 1956ರ ಎರಡನೆಯ ಪಂಚವಾರ್ಷಿಕ ಯೋಜನೆಯಲ್ಲಿ ಅದು ಬರೆಯಿತು. ರೆವಿನ್ಯೂ ಅಧಿಕಾರಿಗಳಲ್ಲಿ ನೋಂದಾಯಿಸದ ರಾಜೀನಾಮೆಯನ್ನು ಒಪ್ಪಬಾರದೆಂದೂ, ಒಪ್ಪಿದರೂ ಮಾಲಿಕನು ಕಾನೂನಿನಂತೆ ಮರಳಿ ಪಡೆಯಬಹುದಾದಷ್ಟೇ ನೆಲವನ್ನು ಪಡೆಯಬೇಕೆಂದೂ ಸೂಚಿಸಿತು.

ಮಾಲಿಕರ ಪಕ್ಷವನ್ನೂ ಹೇಳದಿದ್ದರೆ ಅನ್ಯಾಯವಾದೀತು. ಮಾಲಿಕರೆಲ್ಲ ನೂರಾರು ಎಕರೆಯ ದೇಶಮುಖರಲ್ಲ. ನಾಲ್ಕೆಂಟು ಎಕರೆ ಇದ್ದು ಉಳುವ ಗಂಡಸರಿಲ್ಲದ ವಿಧವೆಯರು, ಬೀದರ ನಗರದಲ್ಲಿ ಸಣ್ಣ ನೌಕರಿ ಮಾಡಿಕೊಂಡು ಊರಿನ ಜೋಳದ ಚೀಲವನ್ನೇ ನಂಬಿದವರು, ಇವರೂ ಪಟ್ಟೇದಾರರೇ. ಎರಡು ವರ್ಷ ಗೇಣಿ ಬಾರದಿದ್ದರೆ ಅವರ ಒಲೆಯೂ ಉರಿಯುತ್ತಿರಲಿಲ್ಲ. ಹಾಗೆಯೇ ನಿಜವಾದ ರಾಜೀನಾಮೆಗಳೂ ಇದ್ದವು. ಎತ್ತು ಸತ್ತವರು, ಸೊಲ್ಲಾಪುರದ ಗಿರಣಿಗೋ ಹೈದರಾಬಾದಿಗೋ ಕೂಲಿ ಹುಡುಕಿ ಹೋದವರು, ಕೈಲಾಗದ ಮುದುಕರು, ಇಂಥವರು ಹೊಲ ಬಿಡುವುದು ಸಹಜವೇ. ಆದರೆ ನಿಜವಾದುದನ್ನೂ ಕಪಟದ್ದನ್ನೂ ಬೇರ್ಪಡಿಸುವ ಸ್ಥಳ ಒಂದೇ ಒಂದು: ತಹಸೀಲದಾರರ ಮೇಜು. ಗೇಣಿದಾರನನ್ನು ಅಲ್ಲಿಗೆ ಕರೆತರುವವನು ಮಾಲಿಕ, ಬಂಡಿ ಕಟ್ಟಿದವನು ಮಾಲಿಕ, ಪಕ್ಕದಲ್ಲಿ ನಿಂತವನೂ ಮಾಲಿಕ. 'ನಿನ್ನ ಒಪ್ಪಿಗೆ ಇದೆಯೇನು?' ಎಂಬ ಪ್ರಶ್ನೆಗೆ ಅಲ್ಲಿ ಬರುವ ಉತ್ತರ ಒಂದೇ. ಎಷ್ಟೋ ಸಲ ಅಷ್ಟು ದೂರವೂ ಹೋಗದೆ ಪಹಣಿಯ ಸಾಗುವಳಿ ಕಾಲಮಿನಲ್ಲಿ ಹೆಸರು ಬದಲಾಯಿತು, ಅಷ್ಟೆ. ನನ್ನ ದೃಷ್ಟಿಯಲ್ಲಿ 1950ರ ಕಾಯದೆಯ ಕೊರತೆ ಅದರ ಮಾತಿನಲ್ಲಿರಲಿಲ್ಲ. ಬಿಟ್ಟ ಹೊಲ ಬಿಡಿಸಿಕೊಂಡವನಿಗೇ ಸೇರುತ್ತಿತ್ತಲ್ಲ, ಅಲ್ಲಿತ್ತು.

1956ರ ನವೆಂಬರ್ 1ರಂದು ಸಂಸ್ಥಾನ ಒಡೆಯಿತು. ಹಳೆಯ ಬೀದರ ಜಿಲ್ಲೆ ಮೂರು ಪಾಲಾಯಿತು. ಬೀದರ, ಭಾಲ್ಕಿ, ಔರಾದ, ಹುಮನಾಬಾದ ಮೈಸೂರಿಗೆ. ಉದಗೀರ, ನಿಲಂಗಾ, ಅಹಮದಪುರ ಮುಂಬಯಿಗೆ. ಜಹೀರಾಬಾದ, ನಾರಾಯಣಖೇಡ ಆಂಧ್ರಕ್ಕೆ. ಕಾಯದೆ ಮಾತ್ರ ಮೂರೂ ಕಡೆ ಕೆಲಕಾಲ ಅದೇ ಹೈದರಾಬಾದಿನದು. ಒಂದೇ ಕಾಯದೆಯ ರಕ್ಷಿತ ಗೇಣಿದಾರರು ಮೂರು ರಾಜ್ಯಗಳ ತಹಸೀಲುಗಳಿಗೆ ಅಲೆಯತೊಡಗಿದರು. ಮೈಸೂರು ರಾಜ್ಯಕ್ಕೆಲ್ಲ ಒಂದೇ ಕಾನೂನು ಬೇಕೆಂದು 1957ರಲ್ಲಿ ಬಿ. ಡಿ. ಜತ್ತಿ ಅವರ ಅಧ್ಯಕ್ಷತೆಯ ಸಮಿತಿ ವಿಚಾರ ಮಾಡಿತು. 1961ರಲ್ಲಿ ಭೂಸುಧಾರಣಾ ಕಾಯದೆ ಆಯಿತು. ಜಾರಿಗೆ ಬಂದುದು 1965ರ ಅಕ್ಟೋಬರ್ 2ರಂದು. ಕಾನೂನು ಬರುತ್ತದೆ, ಬರುತ್ತದೆ ಎಂದು ಎಂಟು ವರ್ಷ ಸಾರಿದರೆ ಮಾಲಿಕರಾದವರು ಸುಮ್ಮನೆ ಕುಳಿತಾರೆಯೆ?

ಕಂಡಿ ಮುಚ್ಚಿದ್ದು ದೇವರಾಜ ಅರಸರ ಕಾಲದಲ್ಲಿ. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ತಿದ್ದುಪಡಿ ಗೇಣಿ ಜಮೀನುಗಳನ್ನೆಲ್ಲ ಸರಕಾರದಲ್ಲಿ ನಿಹಿತಗೊಳಿಸಿತು. ರಾಜೀನಾಮೆಯ ಬಗ್ಗೆ ಅದು ಹೇಳಿದ ಮಾತು ಬಹಳ ಚಿಕ್ಕದು: ಗೇಣಿದಾರನು ಹೊಲವನ್ನು ಬಿಟ್ಟುಕೊಡುವುದಾದರೆ ಸರಕಾರಕ್ಕೆ ಬಿಟ್ಟುಕೊಡಬೇಕು, ಮಾಲಿಕನಿಗಲ್ಲ. ಹೆಬ್ಬೆಟ್ಟು ಒತ್ತಿಸಿಕೊಂಡರೂ ಹೊಲ ತನಗೆ ಬಾರದೆಂದ ಮೇಲೆ ಮಸಿಯ ಡಬ್ಬಿಗೆ ಏನು ಕೆಲಸ? ಇಪ್ಪತ್ತುನಾಲ್ಕು ವರ್ಷಗಳ ಹಿಂದೆಯೇ ಈ ಒಂದು ಸಾಲನ್ನು ಬರೆದಿದ್ದರೆ ಎಷ್ಟು ಮನೆಗಳು ಉಳಿಯುತ್ತಿದ್ದವೋ.

ಗೇಣಿದಾರರು ನಮೂನೆ ಏಳರಲ್ಲಿ ಅರ್ಜಿ ಹಾಕಿಕೊಂಡರೆ ತಾಲ್ಲೂಕಿನ ಭೂನ್ಯಾಯ ಮಂಡಳಿ ವಿಚಾರಣೆ ಮಾಡಿ ಒಡೆತನ ಕೊಡುತ್ತಿತ್ತು. ಅರ್ಜಿಯ ಗಡುವು ಬೆಳೆಯುತ್ತ ಹೋಗಿ 1979ರ ಜೂನ್ 30ಕ್ಕೆ ನಿಂತಿತು. ಈ ಮಂಡಳಿಗಳ ಮುಂದೆ ಐವತ್ತರ ದಶಕದ ಹಳೆಯ ಕಾಗದಗಳು ಮತ್ತೆ ಮೇಲೆದ್ದು ಬಂದವು. 'ಇವನು ಎಂದೋ ರಾಜೀನಾಮೆ ಕೊಟ್ಟಿದ್ದಾನೆ' ಎಂಬುದು ಮಾಲಿಕರ ವಾದ. ಕೊಟ್ಟದ್ದು ಯಾರ ಎದುರಿಗೆ, ತಹಸೀಲದಾರರ ಮುಂದೆ ಒಪ್ಪಿದ್ದು ದಫ್ತರದಲ್ಲಿ ಇದೆಯೆ, ಕುಟುಂಬದ ಉಳಿದವರ ಗುರುತು ಎಲ್ಲಿ, ಇವೇ ಪ್ರಶ್ನೆಗಳು. ಹೈದರಾಬಾದು ಕಾಯದೆಯ ಆಂಧ್ರ ಭಾಗದ ಒಂದು ಮೊಕದ್ದಮೆಯಲ್ಲಿ 1989ರಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟು, ಕಾನೂನಿನಲ್ಲಿ ಹೇಳಿದ ರೀತಿಯಲ್ಲಿ ಗೇಣಿ ಕೊನೆಗೊಳ್ಳದೆ ಹೊಲ ಕೈತಪ್ಪಿದ ರಕ್ಷಿತ ಗೇಣಿದಾರನ ಹಕ್ಕು ಅಳಿಯುವುದಿಲ್ಲವೆಂದಿತು. ಮೂವತ್ತೊಂಬತ್ತು ವರ್ಷಗಳ ಮೇಲೆ ಬಂದ ಮಾತು. ಹೆಬ್ಬೆಟ್ಟು ಒತ್ತಿದವರಲ್ಲಿ ಎಷ್ಟು ಜನ ಕೇಳುವುದಕ್ಕೆ ಉಳಿದಿದ್ದರು?

1974ರ ತರುವಾಯ ಸಾಗುವಳಿ ಜಮೀನನ್ನು ಗೇಣಿಗೆ ಕೊಡುವುದೇ ನಮ್ಮ ರಾಜ್ಯದಲ್ಲಿ ನಿಷಿದ್ಧವಾಯಿತು. ಸೈನಿಕರು, ನಾವಿಕರು ಮುಂತಾದ ಕೆಲವರಿಗೆ ಮಾತ್ರ ವಿನಾಯಿತಿ. ಆದರೂ ಎರೆಯ ಹೊಲಗಳಲ್ಲಿ ಪಾಲಿಗೆ ಕೊಡುವುದು, ಲಾವಣಿಗೆ ಹಾಕುವುದು ನಿಂತಿಲ್ಲ. ಮತ್ತೆ ಬಾಯಿಮಾತು, ಮತ್ತೆ ಯುಗಾದಿಯಿಂದ ಯುಗಾದಿಗೆ. ಕಾಗದವೇ ಇಲ್ಲವಾದುದರಿಂದ ರಾಜೀನಾಮೆಯ ಅಗತ್ಯವೂ ಇಲ್ಲ. ನಿಮ್ಮ ಮನೆಯ ಹಳೆಯ ಪೆಟ್ಟಿಗೆಯಲ್ಲಿ ಅಜ್ಜನ ಕಾಲದ ಉರ್ದು ಕಾಗದವೊಂದು ಮಡಿಚಿಟ್ಟದ್ದು ಇದ್ದರೆ, ನೀವು ಪಟ್ಟೇದಾರರ ಮನೆಯವರಾಗಿರಲಿ ಗೇಣಿದಾರರ ಮನೆಯವರಾಗಿರಲಿ, ಉರ್ದು ಬಲ್ಲ ಹಿರಿಯರೊಬ್ಬರಿಂದ ಒಮ್ಮೆ ಓದಿಸಿ ಕೇಳಿ. ತಾರೀಖು ಫಸಲಿ ವರ್ಷದಲ್ಲಿರುತ್ತದೆ; ಇಸವಿ ಬೇಕಾದರೆ ಸುಮಾರು ಐನೂರ ತೊಂಬತ್ತು ಕೂಡಿಸಬೇಕು. ಕೆಳಗೆ ಎಡಗಡೆ ಹೆಬ್ಬೆಟ್ಟಿನ ಗುರುತು, ಅದರ ಪಕ್ಕದಲ್ಲಿ ಗುರುತು ಯಾರದೆಂದು ಬರೆದವನ ಕೈಬರಹ.